ಸಾಕುನಾಯಿಯು ಮನೆಯ ಸಾಮಾನುಗಳನ್ನು ಕಡಿದು ಹಾಳುಮಾಡುವುದನ್ನು ತಡೆಯುವ ವಿಧಾನ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನಾಯಿಯಿಲ್ಲದ ತೋಟದ ಮನೆಗಳು ವಿರಳವು. ಟೊಮೇಟೊ ಕೊಯ್ಲಿನ ಕಾಲದಲ್ಲಿಯೂ, ಮಾವು ಬಲಿಯುವ ದಿನಗಳಲ್ಲಿಯೂ, ಕುರಿಹಟ್ಟಿಯ ಬಳಿಯಲ್ಲಿಯೂ ರಾತ್ರಿಯ ಕಾವಲಿಗೆ ನಾಯಿಗೆ ಸಮನಾದ ಆಳು ಇಲ್ಲ. ಆದರೆ ಇದೇ ನಾಯಿಯು ಮರಿಯಾಗಿರುವಾಗ ಚಪ್ಪಲಿ, ದನದ ಹಗ್ಗ, ರೇಷ್ಮೆಯ ಚಂದ್ರಿಕೆಯ ಅಂಚು, ಹನಿ ನೀರಾವರಿಯ ಕೊಳವೆ ಮುಂತಾದುವನ್ನು ಕಡಿದು ಹಾಳುಮಾಡುವುದುಂಟು. ಆಗ ಮನೆಯವರು ಅದನ್ನು ದೊಣ್ಣೆಯಿಂದ ಹೊಡೆಯುವರು. ಅದರಿಂದಲೂ ನಿಲ್ಲದಿದ್ದರೆ ದೂರದ ಊರಿನ ಬಳಿ ಬಿಟ್ಟುಬರುವರು. ಹಾಗೆ ಬಿಟ್ಟ ನಾಯಿಯು ಬೀದಿನಾಯಿಗಳ ಹಿಂಡನ್ನು ಸೇರಿ ಕುರಿ ಮೇಕೆಗಳನ್ನು ಹಿಡಿಯತೊಡಗಬಹುದು. ಲಸಿಕೆಯಿಲ್ಲದೆ ಅಲೆದು ಹುಚ್ಚುರೋಗಕ್ಕೆ ತುತ್ತಾಗಲೂಬಹುದು. ಸಾಕಿದ ಪ್ರಾಣಿಯನ್ನು ಹೊಡೆದು ಹಿಂಸಿಸುವುದೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದೂ ೧೯೬೦ನೆಯ ಇಸವಿಯ ಪ್ರಾಣಿಹಿಂಸೆ ತಡೆ ಕಾನೂನಿನ ಪ್ರಕಾರ ಅಪರಾಧಗಳಾಗಿವೆ. ಒಂದು ಜೊತೆ ಚಪ್ಪಲಿಯ ನಷ್ಟಕ್ಕಾಗಿ ಊರಿಗೆ ವಿಪತ್ತನ್ನು ತರುವುದು ವಿವೇಕವಲ್ಲ. ಕಡಿಯುವುದರ ಕಾರಣವನ್ನು ತಿಳಿದರೆ ಅದನ್ನು ನಿಲ್ಲಿಸುವುದು ಕಷ್ಟವಲ್ಲ.

ಕಾರಣಗಳು

ನಾಯಿಮರಿಗೆ ಹುಟ್ಟಿದ ಮೂರು ನಾಲ್ಕು ವಾರಗಳಲ್ಲಿ ಹಾಲುಹಲ್ಲುಗಳು ಮೂಡತೊಡಗುವುವು. ಇವು ಒಟ್ಟು ೨೮. ಸುಮಾರು ನಾಲ್ಕನೆಯ ತಿಂಗಳಿನಲ್ಲಿ ಇವು ಬೀಳಲಾರಂಭಿಸಿ, ಆರೇಳು ತಿಂಗಳು ತುಂಬುವುದರೊಳಗಾಗಿ ೪೨ ಶಾಶ್ವತ ಹಲ್ಲುಗಳು ಬರುವುವು. ಈ ಅವಧಿಯಲ್ಲಿ ವಸಡುಗಳು ನೋಯುವುದರಿಂದ ಮರಿಯು ಸಿಕ್ಕಿದ್ದನ್ನೆಲ್ಲಾ ಕಡಿಯುವುದು. ಇದು ಅದರ ದುರ್ಗುಣವಲ್ಲ, ಬೆಳವಣಿಗೆಯ ಧರ್ಮ.

ಬೆಳೆದ ನಾಯಿಯು ಕಡಿಯುವುದಕ್ಕೆ ಬೇರೆ ಕಾರಣಗಳುಂಟು. ಹಗಲೆಲ್ಲಾ ಸರಪಣಿಯಲ್ಲಿ ಕಟ್ಟಿದ ನಾಯಿಯು ಬೇಸರದಿಂದ ಕಡಿಯುವುದು. ಒಂಟಿಯಾಗಿ ಬಿಟ್ಟುಹೋದಾಗ ಕೆಲವು ನಾಯಿಗಳು ಭಯದಿಂದ ಬಾಗಿಲನ್ನು ಕಡಿಯುವುವು. ಬೆವರಿನ ವಾಸನೆಯಿರುವ ಚಪ್ಪಲಿಯೂ, ಹಾಲು ಚೆಲ್ಲಿದ ಬಟ್ಟೆಯೂ ಅದರ ಮೂಗನ್ನು ಸೆಳೆಯುವುವು. ಬರಿಯ ರಾಗಿ ಮುದ್ದೆಯನ್ನೇ ತಿಂದು ಬೆಳೆಯುವ ನಾಯಿಗೆ ಪುಷ್ಟಿ ಸಾಲದೆಯೂ, ಹೊಟ್ಟೆಯಲ್ಲಿ ಜಂತುಗಳಿದ್ದಾಗಲೂ ತಿನ್ನಬಾರದ್ದನ್ನು ತಿನ್ನುವ ಚಾಳಿ ಉಂಟಾಗಬಹುದು. ಬೇಸಿಗೆಯಲ್ಲಿ ಬಾಯಾರಿದ ನಾಯಿಯು ಹನಿ ನೀರಾವರಿಯ ಕೊಳವೆಯನ್ನು ಕಡಿಯುವುದೂ ಉಂಟು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಇದು ಅಲ್ಪ ನಷ್ಟವಲ್ಲ. ಕೊಳವೆಗೆ ಒಂದು ತೂತಾದರೆ ಕೊಳವೆಬಾವಿಯ ನೀರು ಅಲ್ಲಿಯೇ ಹರಿದುಹೋಗಿ, ಸಾಲಿನ ಕೊನೆಯ ಗಿಡಗಳು ಒಣಗುವುವು.

ನಿವಾರಣೋಪಾಯಗಳು

೧. ಕಡಿಯಬಾರದ ವಸ್ತುಗಳನ್ನು ನಾಯಿಗೆ ನಿಲುಕದಂತೆ ಇಡತಕ್ಕದ್ದು. ಚಪ್ಪಲಿಗೆ ಗೋಡೆಯಲ್ಲಿ ಎತ್ತರದ ಹಲಗೆಯನ್ನೂ, ಹಗ್ಗಕ್ಕೆ ಗೂಟವನ್ನೂ ಮಾಡಿಕೊಳ್ಳಬೇಕು. ಚಂದ್ರಿಕೆಗಳನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಇಡಬೇಕು. ಪಂಪಿನ ವಿದ್ಯುತ್ ತಂತಿಗಳನ್ನು ಗಟ್ಟಿಯಾದ ಕೊಳವೆಯೊಳಗೆ ಹಾಯಿಸತಕ್ಕದ್ದು. ತಂತಿಯನ್ನು ಕಡಿದ ನಾಯಿಯು ಅಲ್ಲಿಯೇ ಸಾಯಬಹುದು.

೨. ಕಡಿಯಲು ಅದಕ್ಕೇ ಮೀಸಲಾದ ವಸ್ತುವನ್ನು ಕೊಡಬೇಕು. ದಪ್ಪ ಹತ್ತಿಯ ಹಗ್ಗಕ್ಕೆ ಎರಡು ಮೂರು ಗಂಟುಗಳನ್ನು ಹಾಕಿ, ತಣ್ಣೀರಿನಲ್ಲಿ ನೆನೆಸಿ ಕೊಟ್ಟರೆ ಮರಿಯ ವಸಡಿಗೆ ಹಿತವಾಗುವುದು. ಎಳೆ ಬಿಟ್ಟುಕೊಂಡ ಹಗ್ಗವನ್ನು ತೆಗೆದುಹಾಕಬೇಕು. ಪೇಟೆಯಲ್ಲಿ ಸಿಕ್ಕುವ ಗಟ್ಟಿ ರಬ್ಬರಿನ ಆಟಿಕೆಯೂ ಆಗಬಹುದು. ಹಳೆಯ ಚಪ್ಪಲಿಯನ್ನು ಮಾತ್ರ ಎಂದಿಗೂ ಕೊಡಕೂಡದು. ಹಳೆಯದು ತನ್ನದು, ಹೊಸದು ಯಜಮಾನನದು ಎಂಬ ಭೇದವು ನಾಯಿಗೆ ತಿಳಿಯದು.

೩. ಮುದ್ದೆಯ ಜೊತೆಗೆ ಮೊಟ್ಟೆಯನ್ನಾಗಲಿ, ಮೂಳೆ ತೆಗೆದ ಮಾಂಸವನ್ನಾಗಲಿ ಆಗಾಗ್ಗೆ ಕೊಡತಕ್ಕದ್ದು. ಪಶುವೈದ್ಯರು ಹೇಳಿದ ಪ್ರಕಾರ ಜಂತಿನ ಔಷಧಿಯನ್ನು ಹಾಕಿಸಬೇಕು. ನೆರಳಿನಲ್ಲಿ ಒಂದು ಬಾನಿ ನೀರು ಯಾವಾಗಲೂ ಇರಬೇಕು. ಕೊಳವೆಯ ಸಾಲುಗಳನ್ನು ಹೊದಿಕೆಯ ಕೆಳಗೆ ಹಾಯಿಸಿದರೆ ಇನ್ನೂ ಕ್ಷೇಮ.

೪. ಬೆಳಗ್ಗೆ ಮತ್ತು ಸಂಜೆ ನಾಯಿಯನ್ನು ಹೊಲದ ಸುತ್ತ ನಡೆಸಿಕೊಂಡು ಹೋಗಬೇಕು. ದಣಿದ ನಾಯಿಯು ಮಲಗುವುದೇ ಹೊರತು ಕಡಿಯಹೋಗದು.

೫. ಕಡಿಯುತ್ತಿರುವಾಗಲೇ ಕಂಡರೆ “ಬಿಡು” ಎಂದು ಗಟ್ಟಿಯಾಗಿ ಒಂದೇ ಮಾತಿನಲ್ಲಿ ಹೇಳಿ, ಅದರ ಹಗ್ಗವನ್ನು ಮುಂದೊಡ್ಡಿ, ಅದನ್ನು ಹಿಡಿದೊಡನೆ ಮೈದಡವಬೇಕು. ಮನೆಯವರೆಲ್ಲರೂ ಅದೇ ಮಾತನ್ನು ಬಳಸತಕ್ಕದ್ದು. ಹಾಳಾದ ಚಪ್ಪಲಿಯನ್ನು ಗಂಟೆಯ ಮೇಲೆ ಕಂಡು ಹೊಡೆದರೆ, ಹೊಡೆತವೇಕೆ ಬಿತ್ತೆಂಬುದು ನಾಯಿಗೆ ತಿಳಿಯದು. ಯಜಮಾನನಿಗೆ ಹೆದರುವುದನ್ನು ಮಾತ್ರ ಕಲಿಯುವುದು. ಹೆದರಿದ ನಾಯಿಯು ಕಚ್ಚುವ ನಾಯಿಯಾಗುವುದು.

೬. ಬಾಗಿಲಿನ ಅಂಚು, ಮಂಚದ ಕಾಲು ಮುಂತಾದ ಕದಲಿಸಲಾಗದ ವಸ್ತುಗಳಿಗೆ ಬೇವಿನ ಸೊಪ್ಪನ್ನು ಅರೆದ ರಸವನ್ನು ಸವರಬಹುದು. ಕಹಿಯು ಒಣಗಿ ಹೋಗುವುದರಿಂದ ಕೆಲವು ದಿನ ಮತ್ತೆ ಮತ್ತೆ ಸವರಬೇಕು. ಮೆಣಸಿನಪುಡಿಯನ್ನು ಹಚ್ಚಕೂಡದು, ಅದು ಕಣ್ಣು ಮೂಗುಗಳನ್ನು ಸುಟ್ಟು ಹಿಂಸೆಯಾಗುವುದು.

ನಾಯಿಯ ಬಾಯಿಗೆ ಬೀಳಬಾರದ ವಸ್ತುಗಳು

ಬೇಯಿಸಿದ ಕೋಳಿಯ ಮೂಳೆಯು ಸಿಗುರಾಗಿ ಒಡೆದು ಗಂಟಲು ಕರುಳುಗಳಿಗೆ ಚುಚ್ಚುವುದು. ಶ್ರೀನಿವಾಸಪುರದ ಸುತ್ತಿನ ತೋಪುಗಳಲ್ಲಿ ಎಸೆಯುವ ಮಾವಿನ ಓಟೆಯನ್ನು ನುಂಗಿದ ನಾಯಿಗೆ ಕರುಳು ಕಟ್ಟಿ, ಶಸ್ತ್ರಚಿಕಿತ್ಸೆಯ ಹೊರತು ಬದುಕದ ಸ್ಥಿತಿ ಒದಗಬಹುದು. ದ್ರಾಕ್ಷಿಯು ನಾಯಿಯ ಮೂತ್ರಪಿಂಡಗಳಿಗೆ ವಿಷ. ಕೀಟನಾಶಕದ ಖಾಲಿ ಡಬ್ಬಿ, ಔಷಧಿ ಬೆರೆಸಿದ ಬೀಜದ ಚೀಲ ಮತ್ತು ಇಲಿಪಾಷಾಣಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ನಾಯಿಯು ಇವುಗಳನ್ನು ಕಡಿದುದು ಕಂಡರೆ, ಮನೆಯಲ್ಲಿ ವಾಂತಿ ಮಾಡಿಸುವ ಪ್ರಯತ್ನಕ್ಕೆ ಹೋಗದೆ, ಆ ಡಬ್ಬಿಯನ್ನೂ ತೆಗೆದುಕೊಂಡು ಕೂಡಲೇ ಪಶುವೈದ್ಯ ಆಸ್ಪತ್ರೆಗೆ ಹೋಗಬೇಕು.

ಒಂದು ಮುಖ್ಯ ಎಚ್ಚರಿಕೆ

ಇದುವರೆಗೆ ಹೇಳಿದ್ದೆಲ್ಲವೂ ಆರೋಗ್ಯವಾದ ನಾಯಿಯ ವಿಷಯ. ಆದರೆ ಎಂದೂ ಕಡಿಯದ ನಾಯಿಯು ಒಮ್ಮೆಗೇ ಕಲ್ಲು, ಕಟ್ಟಿಗೆ, ಸರಪಣಿಗಳನ್ನು ಕಡಿಯತೊಡಗಿ, ಅದರ ಸ್ವಭಾವವೂ ಬೊಗಳುವ ಧ್ವನಿಯೂ ಬದಲಾಗಿ, ಜೊಲ್ಲು ಸುರಿಯುತ್ತಾ, ಕತ್ತಲ ಮೂಲೆಯನ್ನು ಸೇರಿದರೆ, ಹುಚ್ಚುರೋಗವೆಂದು ಶಂಕಿಸತಕ್ಕದ್ದು. ಈ ರೋಗದಲ್ಲಿ ದವಡೆಯು ಜೋತುಬಿದ್ದು, ಗಂಟಲಿನಲ್ಲಿ ಮೂಳೆ ಸಿಕ್ಕಿದಂತೆ ಕಾಣುವುದುಂಟು. ಮೂಳೆಯನ್ನು ತೆಗೆಯುವೆನೆಂದು ಅದರ ಬಾಯಿಗೆ ಕೈ ಹಾಕುವುದು ಪ್ರಾಣಕ್ಕೇ ಅಪಾಯ. ಮಕ್ಕಳನ್ನು ದೂರವಿರಿಸಿ, ಪಶುವೈದ್ಯರಿಗೆ ತಿಳಿಸಬೇಕು.

ನಾಯಿಯು ಕಚ್ಚಿದರೆ, ಅಥವಾ ಮರಿಯೊಡನೆ ಆಡುವಾಗ ಹಲ್ಲು ತಗಲಿ ಗೀರು ಬಿದ್ದರೂ, ಆ ಸ್ಥಳವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆಯತಕ್ಕದ್ದು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಾಕದೆ, ಅದೇ ದಿನ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದಷ್ಟು ಚುಚ್ಚುಮದ್ದುಗಳನ್ನೂ ತಪ್ಪದೆ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣಗಳು ಮನುಷ್ಯನಲ್ಲಿ ತೋರಿದ ಮೇಲೆ ಬದುಕಿದವರು ಅತಿ ವಿರಳರು. ಆದುದರಿಂದ ಮರಿಗೆ ಮೂರು ತಿಂಗಳಾದೊಡನೆ ಲಸಿಕೆಯನ್ನು ಹಾಕಿಸಿ, ಪಶುವೈದ್ಯರು ಸೂಚಿಸಿದಂತೆ ಪ್ರತಿ ವರ್ಷವೂ ಹಾಕಿಸುತ್ತಿರತಕ್ಕದ್ದು.

ಹಲ್ಲು ಬರುವ ಆ ಕೆಲವು ತಿಂಗಳು ಮನೆಯವರು ತಾಳ್ಮೆ ವಹಿಸಿದರೆ, ಅದೇ ನಾಯಿಯು ಮುಂದೆ ಅನೇಕ ವರ್ಷ ತೋಟವನ್ನು ಕಾಯುವುದು. ಒಂದು ಗಂಟುಹಗ್ಗ, ಒಂದು ಬಾನಿ ನೀರು, ಎತ್ತರದ ಒಂದು ಹಲಗೆ, ಕಾಲಕ್ಕೆ ಸರಿಯಾಗಿ ಒಂದು ಲಸಿಕೆ, ಇಷ್ಟನ್ನು ಒದಗಿಸಲಾರದ ರೈತನು ಯಾವ ಊರಿನಲ್ಲಿಯೂ ಇರಲಾರನು.