ಆಟದ ಬಯಲಿನ ಅಂಚಿನಲ್ಲಿ

ಸುಮಾರು ಮೂವತ್ತು ವರುಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಪೋಲಿಯೋದಿಂದ ಕಾಲು ಸೊರಗಿದ ಬಾಲಕನೊಬ್ಬನಿದ್ದನು. ಆಟದ ಗಂಟೆ ಬಾರಿಸಿದೊಡನೆ ಮಿಕ್ಕ ಹುಡುಗರು ಅಂಗಿ ಕಳಚಿ ಅವನ ಮುಂದೆ ಒಟ್ಟುವರು, ಅವನು ಕಾಯುವನು. ಆ ಕೆಲಸಕ್ಕೆ ಅವನನ್ನು ನೇಮಿಸಿದವರು ನಾವೇ. ಅದನ್ನು ದಯೆಯೆಂದು ಬಗೆದಿದ್ದೆವು!

ನಮ್ಮ ಬಾದಾಮಿ ಮೆಟ್ಟಿಲುಗಳ ಊರು. ಮಂಗಲೇಶನು ಕೊರೆಯಿಸಿದ, ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹಾಲಯವನ್ನು ಮೆಟ್ಟಿಲೇರಿಯೇ ಕಾಣಬೇಕು. ಪ್ರಾಚೀನರ ಬಂಡೆಯನ್ನು ನಾವು ತಿದ್ದಲಾರೆವು; ಹೊಸದಾಗಿ ರಚಿಸುವ ಆಟದಂಗಳಕ್ಕಾದರೋ ಆ ನೆಪವಿಲ್ಲ.

ಮೊದಲು ದಾರಿಯ ವಿಚಾರ. ಬಾಗಿಲಲ್ಲಿ ಒಂದು ಮೆಟ್ಟಿಲಿದ್ದರೂ ಗಾಲಿಕುರ್ಚಿಯ ಮಗು ಹೊರಗೇ ಉಳಿಯಿತು. 1 ಅಡಿ ಏರಬೇಕಾದಲ್ಲಿ ಇಳಿಜಾರಿನ ಉದ್ದವು 12 ಅಡಿಗೆ ಕಡಿಮೆಯಾಗಕೂಡದು. ಉಸುಕಿನಲ್ಲಿ ಗಾಲಿ ಹೂಳುವುದರಿಂದ ನೆಲವು ಗಟ್ಟಿಯಾಗಿರಬೇಕು. ಉಸುಕಿನಾಟಕ್ಕೆ ಮೇಜಿನೆತ್ತರದ ತೊಟ್ಟಿಯನ್ನಿರಿಸಿ ಅದರಡಿ ಮೊಣಕಾಲಿಗೆ ಎಡೆಬಿಟ್ಟರೆ, ನಿಂತವರೂ ಕುಳಿತವರೂ ಕೂಡಿಯೇ ಗೂಡು ಕಟ್ಟುವರು. ಜೋಕಾಲಿಗೆ ಬೆನ್ನಾಸರೆ, ಪಟ್ಟಿಗಳು ಬೇಕು. ಕಣ್ಣು ಕಾಣದ ಮಗುವಿಗೆ ಪಾದದಡಿಯ ಹಾಸು ಬದಲಾಗುವುದೇ ಎಚ್ಚರಿಕೆ. ಗದ್ದಲಕ್ಕೆ ಬೆದರುವ ಮಕ್ಕಳೂ ಉಂಟಷ್ಟೆ. ಅವರಿಗೊಂದು ಸದ್ದಿಲ್ಲದ ಮೂಲೆಯಿರಲಿ. ಇನ್ನು ನಮ್ಮ ಕಡೆಯ ಬಿಸಿಲಿನಲ್ಲಿ ತಗಡಿನ ಜಾರುಬಂಡಿಯನ್ನಿಡುವವರು ಮಧ್ಯಾಹ್ನ ತಾವೇ ಒಮ್ಮೆ ಜಾರಿ ನೋಡತಕ್ಕದ್ದು! ಬೇವಿನ ನೆರಳೇ ಇಲ್ಲಿ ಮೊದಲನೆಯ ಸಲಕರಣೆ.

ಅಜ್ಜ ಅಜ್ಜಿಯರನ್ನು ಮರೆಯಬಾರದು. ಕೈಯೂರಿ ಏಳಲು ಹಿಡಿಯುಳ್ಳ ಆಸನ, ಎದುರಿಗೆ ಕಲ್ಲಿನ ಮೇಲೆ ಬರೆದ ಚೌಕಾಬಾರದ ಮನೆಗಳು: ಇಷ್ಟಿದ್ದರೆ ಅವರು ಬರಿಯ ಕಾವಲುಗಾರರಾಗಿ ಉಳಿಯಲಾರರು.

ಇದು ಹವಣಿಲ್ಲದ ಕನಸೆನ್ನದಿರಿ. ವಿಶೇಷ ಅಗತ್ಯಗಳುಳ್ಳ ಮಕ್ಕಳ ತಾಯ್ತಂದೆಗಳು ಕೂಡಿದ ‘ಕಿಲಿಕಿಲಿ’ ಸಂಸ್ಥೆಯ ಪ್ರಯತ್ನದಿಂದ ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಇಂತಹ ಅಂಗಳವು ಈ ಶತಮಾನದ ಮೊದಲ ದಶಕದಲ್ಲಿಯೇ ರೂಪುಗೊಂಡಿತು. ಅಂಗವಿಕಲರಿಗೆಂದು ಬೇರೆ ಮೂಲೆಯೊಂದನ್ನು ಕೊಡದೆ ಎಲ್ಲ ಮಕ್ಕಳನ್ನೂ ಒಂದೆಡೆ ಆಡಿಸಬೇಕೆಂಬುದೇ ಅವರ ಹಟವಾಗಿತ್ತು. ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿಯೂ ಆಟದಲ್ಲಿ ಈ ಮಕ್ಕಳಿಗೆ ಸಮಾನವಾದ ಪಾಲುಂಟೆಂದು ಹೇಳುತ್ತದೆ.

ಲಗೋರಿಯ ಚೆಂಡನ್ನು ಕುಳಿತೇ ಎಸೆಯಬಹುದಾಗಿತ್ತು. ಆ ಬಾಲಕನ ಕೈಗುರಿ ಬಲು ಚೊಕ್ಕಟ. ಕುಳಿತಲ್ಲಿಂದಲೇ ಹುಣಸೆಕಾಯಿ ಉದುರಿಸುವುದನ್ನು ನಾವು ಎಷ್ಟೋ ಸಲ ಕಂಡು ಗದರಿಸಿದ್ದೆವು.