ಏಳದ ಗಣಕಯಂತ್ರ
ಕಮಲಾಪುರದ ಕೆಂಪು ಬಾಳೆಯ ಬಗ್ಗೆ ರೈತರನ್ನು ಕೇಳಿ ಬರೆದುಕೊಂಡ ಟಿಪ್ಪಣಿಗಳೆಲ್ಲ ನನ್ನ ಲ್ಯಾಪ್‌ಟಾಪಿನ ಡೆಬಿಯನ್ ಲಿನಕ್ಸ್ ಭಾಗದಲ್ಲಿದ್ದುವು; ಪಕ್ಕದ ಭಾಗದಲ್ಲಿ ವಿಂಡೋಸ್. ಡಿಸ್ಕಿನ ಭಾಗಗಳನ್ನು ಹೆಚ್ಚುಕಡಿಮೆ ಮಾಡಹೋದೆ. ಮರುದಿನ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು ಬಂದಿತು, ಎರಡೂ ಏಳಲಿಲ್ಲ. ಕಲಬುರಗಿಯ ಅಂಗಡಿಯೊಂದರಲ್ಲಿ “ಫಾರ್ಮ್ಯಾಟ್ ಮಾಡಬೇಕಾಗ್ತದ್ರೀ” ಎಂದರು. ನಾನು ಒಪ್ಪಲಿಲ್ಲ. ಗ್ರಬ್ ಎಂಬುದು ಬಾಗಿಲು ತೆರೆಯುವ ಆಳು ಮಾತ್ರ. ಅವನಿಗೆ ದಾರಿ ತಪ್ಪಿದರೆ ಒಳಗಿನ ಸಾಮಾನು ಹೋದಂತಲ್ಲ.

ಗೆಳೆಯನ ಯಂತ್ರದಲ್ಲಿ ಲೈವ್ ಪೆನ್‌ಡ್ರೈವ್ ಸಿದ್ಧಪಡಿಸಿ, ಅದರಿಂದ ನನ್ನದನ್ನು ಎಬ್ಬಿಸಿದೆ. ಮೊದಲು ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿದೆ (ಈ ಕ್ರಮ ಹಿಂದುಮುಂದಾಗಬಾರದು!). ಬಳಿಕ ಲಿನಕ್ಸ್ ಭಾಗವನ್ನು ಮೌಂಟ್ ಮಾಡಿ, ಅದರೊಳಹೊಕ್ಕು, ‘ಗ್ರಬ್-ಇನ್‌ಸ್ಟಾಲ್’, ‘ಅಪ್‌ಡೇಟ್-ಗ್ರಬ್’ ಆಜ್ಞೆಗಳನ್ನು ಕೊಟ್ಟೆ. ಲಿನಕ್ಸ್ ಎದ್ದಿತು, ಪಟ್ಟಿಯಲ್ಲಿ ವಿಂಡೋಸ್ ಇಲ್ಲ! 2021ರಲ್ಲಿ ಬಂದ ಗ್ರಬ್ 2.06ರಿಂದೀಚೆಗೆ ಇತರ ವ್ಯವಸ್ಥೆಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ತಾನಾಗಿ ಓಡುವುದಿಲ್ಲವಷ್ಟೆ. ಅದಕ್ಕೆ ಅನುಮತಿಯಿತ್ತು ‘ಅಪ್‌ಡೇಟ್-ಗ್ರಬ್’ ಮತ್ತೊಮ್ಮೆ ನಡೆಸಿದೆ. ಎರಡೂ ಎದ್ದುವು. ಬಾಳೆಯ ಟಿಪ್ಪಣಿಗಳು ಇದ್ದಲ್ಲಿಯೇ ಇದ್ದುವು.