ಆಟ ಉಳಿದೀತು, ಬೆಳಕು ಉಳಿದೀತೇ?

ನಾಣ್ಯ ಹಾಕಿದರೆ ಸಂಗೀತ ಮೊಳಗುತ್ತದೆ. ಹಿಡಿ ಆಡಿಸಿದರೆ ಚುಕ್ಕೆಗಳನ್ನು ನುಂಗುವ ಸದ್ದೂ ಕೇಳಿಸುತ್ತದೆ. ಆದರೆ ತೆರೆಯ ಮೇಲೆ ನುಂಗುವ ಹಳದಿ ಮುದ್ದೆಯೂ ಇಲ್ಲ, ಅದನ್ನು ಬೆನ್ನಟ್ಟುವ ದೆವ್ವಗಳೂ ಇಲ್ಲ. ಕತ್ತಲ ನಡುವೆ ಮೇಲಿನಿಂದ ಕೆಳಗಿನವರೆಗೆ ಬೆಳಕಿನ ಒಂದೇ ಒಂದು ಗೆರೆ!

ಅಮೆರಿಕದ ಹಳೆಯ ‘ಪ್ಯಾಕ್‌-ಮ್ಯಾನ್’ ಯಂತ್ರಗಳನ್ನು ರಿಪೇರಿ ಮಾಡುವವರಿಗೆ ಇದು ಪರಿಚಿತ ಕಾಯಿಲೆ. ಆಟ ಬದುಕಿದೆ, ಅದನ್ನು ತೋರಿಸುವ ಮಾನಿಟರ್ ಮಾತ್ರ ಕೈಕೊಟ್ಟಿದೆ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಜಪಾನಿನ ನಾಮ್ಕೊ ಕಂಪನಿಗಾಗಿ ತೋರು ಇವಾತಾನಿ ರೂಪಿಸಿದ ಈ ಆಟ 1980ರಲ್ಲಿ ಹೊರಬಂತು. ಅದೇ ವರ್ಷ ಮಿಡ್‌ವೇ ಕಂಪನಿ ಅದನ್ನು ಅಮೆರಿಕಕ್ಕೆ ತಂದಿತು. ಆಳೆತ್ತರದ ಮರದ ಪೆಟ್ಟಿಗೆ. ಅದರೊಳಗೆ 19 ಅಂಗುಲದ ಬಣ್ಣದ ಮಾನಿಟರ್. ಕೆನಡಾದ ಎಲೆಕ್ಟ್ರೋಹೋಮ್ ಕಂಪನಿಯ ‘ಜಿ07’ ಆ ಕಾಲದ ಯಂತ್ರಗಳಲ್ಲಿ ಹೆಚ್ಚಾಗಿ ಕಾಣಸಿಗುವ ಮಾನಿಟರುಗಳಲ್ಲೊಂದು. ಅದರ ಜೀವಾಳ ಪಿಕ್ಚರ್ ಟ್ಯೂಬ್. ನಮ್ಮ ಮನೆಗಳ ಹಳೆಯ ಟಿವಿಯಲ್ಲಿ ಇದ್ದದ್ದೂ ಅದೇ ಬಗೆಯದು.

ಗೆರೆ ಹೇಳುವ ಕಥೆ

ಟ್ಯೂಬಿನ ಕತ್ತಿನಿಂದ ಹೊರಟ ಎಲೆಕ್ಟ್ರಾನುಗಳು ಮುಂಭಾಗದ ಗಾಜಿಗೆ ಬಳಿದ ಫಾಸ್ಫರ್ ಲೇಪಕ್ಕೆ ಬಡಿದಾಗ ಬೆಳಕು ಮೂಡುತ್ತದೆ. ಕತ್ತಿಗೆ ತೊಡಿಸಿದ ತಂತಿ ಸುರುಳಿಗಳು ಈ ಧಾರೆಯನ್ನು ಸೆಕೆಂಡಿಗೆ ಸುಮಾರು 15,750 ಬಾರಿ ಅಡ್ಡಲಾಗಿಯೂ, 60 ಬಾರಿ ಮೇಲಿನಿಂದ ಕೆಳಕ್ಕೂ ಓಡಾಡಿಸುತ್ತವೆ. ಅಡ್ಡ ಓಟ ನಡೆದು, ಮೇಲೆ-ಕೆಳಗಿನ ಓಟ ನಿಂತರೆ ಇಡೀ ಚಿತ್ರ ಒಂದು ಗೆರೆಯಾಗಿ ಕುಸಿಯುತ್ತದೆ. ಟಿವಿಯಲ್ಲಾದರೆ ಈ ಗೆರೆ ಅಡ್ಡಲಾಗಿರುತ್ತಿತ್ತು. ಪ್ಯಾಕ್‌-ಮ್ಯಾನ್‌ನ ಓಣಿಗಳ ಚಕ್ರವ್ಯೂಹ ಅಗಲಕ್ಕಿಂತ ಎತ್ತರ ಹೆಚ್ಚಿರುವುದರಿಂದ ಅಲ್ಲಿ ಟ್ಯೂಬನ್ನು ಮಗ್ಗುಲಿಗೆ ಮಲಗಿಸಿ ಕೂರಿಸಿರುತ್ತಾರೆ. ಹಾಗಾಗಿ ಗೆರೆ ನೆಟ್ಟಗೆ ನಿಂತಂತೆ ಕಾಣುತ್ತದೆ.

ಬಲ್ಲವರಿಗೆ ಈ ಗೆರೆ ಸಮಾಧಾನದ ಸುದ್ದಿಯೂ ಹೌದು. ಗೆರೆ ಮೂಡಬೇಕಾದರೆ ಟ್ಯೂಬ್ ಸರಿಯಿರಬೇಕು, ಅದಕ್ಕೆ ಬೇಕಾದ ಭಾರೀ ವೋಲ್ಟೇಜೂ ಬರುತ್ತಿರಬೇಕು. ಅಂದರೆ ಹುಡುಕಬೇಕಾದ ಜಾಗ ಚಿಕ್ಕದು. ಗೆರೆ ಗಾಜಿನ ಮೇಲೆ ಸುಟ್ಟ ಗುರುತು ಉಳಿಸದಂತೆ ಮೊದಲು ಬೆಳಕು ತಗ್ಗಿಸಬೇಕು. ಆಮೇಲೆ ಬಿರುಕು ಬಿಟ್ಟ ಬೆಸುಗೆ, ಒಣಗಿದ ಕೆಪಾಸಿಟರ್, ಸುಟ್ಟ ಟ್ರಾನ್ಸಿಸ್ಟರುಗಳ ತಪಾಸಣೆ.

ತೆರೆ ಪೂರ್ತಿ ಕಪ್ಪಾಗಿದ್ದರೆ ಕೆಲಸ ಕಷ್ಟದ್ದು. ಆಗ ನೋಡಬೇಕಾದದ್ದು ಟ್ಯೂಬಿನ ಕತ್ತನ್ನು. ಅಲ್ಲಿ ಕಿತ್ತಳೆ ಬಣ್ಣದ ಸಣ್ಣ ಕಿಡಿ ಕಾಣದಿದ್ದರೆ, ಫ್ಯೂಸೂ ಹಾರಿದ್ದರೆ, ಅಡ್ಡ ಓಟವನ್ನು ನಡೆಸುವ ಟ್ರಾನ್ಸಿಸ್ಟರಿನ ಮೇಲೆ ಅನುಮಾನ. ಅದನ್ನಷ್ಟೇ ಬದಲಿಸಿ ಸ್ವಿಚ್ ಹಾಕುವವರು ಹಲವು ಸಲ ಹೊಸದನ್ನೂ ಕಳೆದುಕೊಳ್ಳುತ್ತಾರೆ. ಕೊಂದ ಅಪರಾಧಿ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಆಗಿರಬಹುದು! ಆದ್ದರಿಂದ ಅನುಭವಸ್ಥರು ಫ್ಯೂಸಿನ ಜಾಗದಲ್ಲಿ ಒಂದು ಬಲ್ಬ್ ಜೋಡಿಸಿ ನೋಡುತ್ತಾರೆ. ಬಲ್ಬ್ ಪ್ರಖರವಾಗಿ ಉರಿದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ.

ಚಿತ್ರ ಕುಗ್ಗುವುದು, ಸೊಟ್ಟಗಾಗುವುದು, ನಡುಗುವುದು ಇವೆಲ್ಲ ಬಹುಪಾಲು ಕೆಪಾಸಿಟರುಗಳ ಮುಪ್ಪಿನ ಲಕ್ಷಣ. ಅವುಗಳೊಳಗಿನ ದ್ರವ ವರ್ಷಗಳು ಉರುಳಿದಂತೆ ಒಣಗುತ್ತದೆ. ಮುಚ್ಚಿದ ಪೆಟ್ಟಿಗೆಯ ಸೆಕೆಗೆ ಇನ್ನೂ ಬೇಗ ಒಣಗುತ್ತದೆ. ಒಂದೊಂದನ್ನೇ ಹುಡುಕುವ ಬದಲು ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ರೂಢಿ.

ಅಪಾಯ ಒಳಗೇ ಇದೆ

ಇದು ಹುಡುಗಾಟದ ಕೆಲಸವಲ್ಲ. ಟ್ಯೂಬಿನ ಬೆನ್ನಿಗಿರುವ ರಬ್ಬರ್ ಬಟ್ಟಲಿನಡಿ 20,000 ವೋಲ್ಟಿನ ಆಸುಪಾಸಿನ ವಿದ್ಯುತ್ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಅದು ಅಲ್ಲೇ ಹೊಂಚುಹಾಕಿರಬಹುದು. ಚೌಕಟ್ಟಿಗೆ ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಬಟ್ಟಲಿನಡಿ ತೂರಿಸಿ ಆ ವಿದ್ಯುತ್ತನ್ನು ಹೊರಹಾಕಿದ ನಂತರವೇ ಕೈಯಿಡಬೇಕು. ಕೆಲಸ ಮಾಡುವಾಗ ಒಂದು ಕೈ ಬೆನ್ನ ಹಿಂದಿರಲಿ ಎಂಬುದು ಹಳಬರ ನಿಯಮ. ಆಗ ಕರೆಂಟು ಎರಡು ಕೈಗಳ ನಡುವೆ, ಎದೆಯ ಮೂಲಕ ಹರಿಯುವ ಸಂಭವ ಕಡಿಮೆ. ಕಲಿಯದವರು ಈ ಪೆಟ್ಟಿಗೆಯ ಹಿಂಬದಿ ತೆರೆಯದಿರುವುದೇ ಲೇಸು.

ಬದಲಿಸಲಾಗದ ಭಾಗ

ಇಷ್ಟು ತೊಂದರೆ ಯಾಕೆ? ಎಲ್‌ಸಿಡಿ ತೆರೆ ಜೋಡಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಹಲವರು ಹಾಗೆ ಮಾಡಿಯೂ ಇದ್ದಾರೆ. ಆದರೆ ಅಟಾರಿ ಕಂಪನಿ 1979ರಲ್ಲಿ ತಂದ ‘ಆಸ್ಟರಾಯ್ಡ್ಸ್’ ಆಟವನ್ನು ನೋಡಿದರೆ ನಷ್ಟ ಏನೆಂಬುದು ಗೊತ್ತಾಗುತ್ತದೆ. ಅದರಲ್ಲಿ ಧಾರೆ ಸಾಲುಸಾಲಾಗಿ ಓಡುವುದಿಲ್ಲ, ಪೆನ್ಸಿಲಿನಂತೆ ನೇರವಾಗಿ ಗೆರೆ ಎಳೆಯುತ್ತದೆ. ಹಾರಿಸಿದ ಗುಂಡು ಕಪ್ಪು ಆಕಾಶದಲ್ಲಿ ನಕ್ಷತ್ರದಂತೆ ಹೊಳೆಯುತ್ತದೆ. ಸಣ್ಣ ಚೌಕಗಳಿಂದ ಚಿತ್ರ ಕಟ್ಟುವ ಎಲ್‌ಸಿಡಿಯಲ್ಲಿ ಅದು ಬರಿಯ ಬಿಳಿ ಚುಕ್ಕೆ. ಆಟದ ಪ್ರೋಗ್ರಾಮನ್ನು ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಈ ಬೆಳಕಿಗೆ ಪ್ರತಿಯಿಲ್ಲ.

ಕೆಪಾಸಿಟರ್ ಹೊಸದು ಸಿಗುತ್ತದೆ, ಟ್ರಾನ್ಸಿಸ್ಟರಿಗೆ ಬದಲಿ ಹುಡುಕಬಹುದು. ಸವೆದ ಫಾಸ್ಫರಿಗೆ ಮದ್ದಿಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬೆಳಗಿದ ಚಕ್ರವ್ಯೂಹ ಗಾಜಿನ ಮೇಲೆ ಅಚ್ಚೊತ್ತಿ, ಯಂತ್ರ ಆರಿಸಿದಾಗಲೂ ಕಾಣುತ್ತದೆ. ಆಗ ಗುಜರಿಗೆ ಬಿದ್ದ ಟಿವಿಯಿಂದ ಹೊಂದುವ ಟ್ಯೂಬ್ ತೆಗೆದು ಹಾಕುವುದೊಂದೇ ದಾರಿ. ಆ ಟಿವಿಗಳೂ ಮಾಯವಾಗುತ್ತಿವೆ. ಪಿಕ್ಚರ್ ಟ್ಯೂಬುಗಳ ದೊಡ್ಡ ಪ್ರಮಾಣದ ತಯಾರಿಕೆ ನಿಂತುಹೋಗಿದೆ.

ಅಮೆರಿಕದ ಲಕೋನಿಯಾದಲ್ಲಿರುವ ಅಮೆರಿಕನ್ ಕ್ಲಾಸಿಕ್ ಆರ್ಕೇಡ್ ಮ್ಯೂಸಿಯಂ ಇಂಥ ಯಂತ್ರಗಳನ್ನು ಜನ ಆಡಲೆಂದೇ ಇಟ್ಟಿದೆ. ಆಡಿದಷ್ಟೂ ಟ್ಯೂಬ್ ಸವೆಯುತ್ತದೆ. ಆಡದೆ ಬೀಗ ಹಾಕಿಟ್ಟರೆ ಅದು ಬಣ್ಣ ಬಳಿದ ಮರದ ಬೀರು ಅಷ್ಟೆ. ಬೆಸುಗೆ ಕಡ್ಡಿ ಹಿಡಿದ ರಿಪೇರಿಗಾರ ಮುಪ್ಪನ್ನು ತಡೆಯಲಾರ, ಮುಂದೂಡಬಲ್ಲ. ಅವನು ಮುಂದೂಡಿದಷ್ಟು ದಿನ, 1980ರ ಮಕ್ಕಳು ಕಂಡ ಅದೇ ಬೆಳಕನ್ನು ಇಂದಿನ ಮಕ್ಕಳೂ ಕಾಣುತ್ತಾರೆ.